ಜ್ವರ ಬಂತೆಂದು ಬಿ.ಪಿ. ಮಾತ್ರೆ ನಿಲ್ಲಿಸಬೇಡಿ

ಬಿ.ಪಿ. ಮಾತ್ರೆಯ ವಿಷಯದಲ್ಲಿ ನಮ್ಮವರು ಎರಡು ರೀತಿಯಲ್ಲಿ ಎಡವುತ್ತಾರೆ. ಯಾರೋ ಏನೋ ಹೇಳಿದರೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿಬಿಡುವುದು ಒಂದು. ಮೂರು ಮೂರು ಮಾತ್ರೆ ನುಂಗಿದರೂ ವರ್ಷಗಟ್ಟಲೆ ಒತ್ತಡ ಇಳಿಯದೆ ಇರುವಾಗ, "ಡಾಕ್ಟ್ರೇ, ಯಾಕೆ ಇಳಿಯುತ್ತಿಲ್ಲ?" ಎಂದು ಕೇಳದೇ ಇರುವುದು ಇನ್ನೊಂದು. ಮೊದಲನೆಯದು ಅವಸರ, ಎರಡನೆಯದು ಆಲಸ್ಯ. ಎರಡೂ ನಮ್ಮ ದೇಹದ ಒಂದೇ ಹಾರ್ಮೋನ್ ಸರಪಳಿಗೆ ಸಂಬಂಧಿಸಿದವು. ಆ ಸರಪಳಿಯನ್ನು ಸ್ವಲ್ಪ ತಿಳಿದುಕೊಂಡರೆ ನೀವು ಈ ಎರಡೂ ತಪ್ಪುಗಳಿಂದ ದೂರವಿರಬಹುದು ಎಂಬುದು ನನ್ನ ನಂಬಿಕೆ.

2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಕೊರೋನಾ ಭಯ ಮನೆ ಮನೆಗೆ ಹೊಕ್ಕಿತ್ತು. ಆಗ ಒಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು: ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್, ರಾಮಿಪ್ರಿಲ್‌ನಂತಹ ಬಿ.ಪಿ. ಮಾತ್ರೆಗಳು ವೈರಸ್ ಒಳಬರಲು ಬಾಗಿಲು ತೆರೆದುಕೊಡುತ್ತವೆ, ಕೂಡಲೇ ನಿಲ್ಲಿಸಿ! ಈ ಸುದ್ದಿ ಪೂರ್ತಿ ಗಾಳಿಮಾತಾಗಿರಲಿಲ್ಲ, ಅದೇ ಅದರ ಅಪಾಯ. ಒಂದು ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಕೆಲವು ವೈದ್ಯರು ಇಂತಹ ಸಂದೇಹವನ್ನು ಪತ್ರದ ರೂಪದಲ್ಲಿ ಬರೆದಿದ್ದರು. ಅವರು ಬರೆದದ್ದು 'ಹೀಗೂ ಇರಬಹುದೇ' ಎಂಬ ಪ್ರಶ್ನೆ. ನಮ್ಮ ಕೈಗೆ ಬರುವಷ್ಟರಲ್ಲಿ ಅದು 'ಹೀಗೇ ಇದೆ' ಎಂಬ ಫತ್ವಾ ಆಗಿಬಿಟ್ಟಿತ್ತು. ಮಾರ್ಚ್ 13ರಂದೇ ಯುರೋಪಿನ ಹೃದ್ರೋಗ ತಜ್ಞರ ಸಂಘ, ಯಾರೂ ಮಾತ್ರೆ ನಿಲ್ಲಿಸಬೇಡಿ ಎಂದು ಹೇಳಿಕೆ ಕೊಟ್ಟಿತು. ಆ ಹೇಳಿಕೆಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಸಂದೇಹ ಹುಟ್ಟಿದ್ದು ಎಲ್ಲಿಂದ? ಅದಕ್ಕೆ ಯೋಸೆಫ್ ಪೆನಿಂಗರ್ ಎಂಬ ಸಂಶೋಧಕರ ಕೆಲಸದತ್ತ ಹೋಗಬೇಕು.

ಮೊದಲು ಸರಪಳಿ. ರಕ್ತದ ಒತ್ತಡ ಕಡಿಮೆಯಾದಾಗ, ಅಥವಾ ದೇಹದಲ್ಲಿ ಉಪ್ಪು ಕಡಿಮೆಯಾದಾಗ, ಕಿಡ್ನಿಯು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ರೆನಿನ್‌ನಿಂದ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನ್ ತಯಾರಾಗುತ್ತದೆ. ಎಸಿಇ ಎಂಬ ಕಿಣ್ವ ಅದನ್ನು ಇನ್ನಷ್ಟು ಹರಿತಗೊಳಿಸುತ್ತದೆ. ಹೀಗೆ ಹರಿತವಾದ ಆಂಜಿಯೋಟೆನ್ಸಿನ್-2 ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಕಿಡ್ನಿಯ ತಲೆಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗೆ ಹೋಗಿ ಆಲ್ಡೊಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನನ್ನು ಹೊರಡಿಸುತ್ತದೆ. ಆಲ್ಡೊಸ್ಟೆರಾನ್ ಕಿಡ್ನಿಗೆ 'ಉಪ್ಪನ್ನು ಹಿಡಿದಿಟ್ಟುಕೋ, ಪೊಟ್ಯಾಶಿಯಂ ಹೊರಗೆ ಬಿಡು' ಎನ್ನುತ್ತದೆ. ಉಪ್ಪಿನ ಜೊತೆ ನೀರೂ ನಿಲ್ಲುತ್ತದೆ, ಒತ್ತಡ ಏರುತ್ತದೆ. ನಾನು ಮೇಲೆ ಹೆಸರಿಸಿದ ಮಾತ್ರೆಗಳೆಲ್ಲ ಈ ಸರಪಳಿಯ ಒಂದೊಂದು ಕೊಂಡಿಯನ್ನು ತಡೆಯುವಂತಹವು.

ಇಷ್ಟು ಬಲವಾದ ಯಂತ್ರಕ್ಕೆ ಒಂದು ಬ್ರೇಕ್ ಬೇಡವೇ? ಅಲ್ಲಾಹನು ಅದನ್ನೂ ಇಟ್ಟಿದ್ದಾನೆ. ಅದರ ಹೆಸರು ಎಸಿಇ-2. 2000ರಲ್ಲಿ ಪತ್ತೆಯಾದ ಈ ಕಿಣ್ವ ಆಂಜಿಯೋಟೆನ್ಸಿನ್-2ನ್ನು ಮುರಿದು, ರಕ್ತನಾಳ ಸಡಿಲಿಸುವ ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಆಸ್ಟ್ರಿಯಾದಲ್ಲಿ ಹುಟ್ಟಿ ಆಗ ಕೆನಡಾದ ಟೊರಾಂಟೊದಲ್ಲಿ ಕೆಲಸ ಮಾಡುತ್ತಿದ್ದ ಪೆನಿಂಗರ್ ಅವರ ತಂಡ, ಈ ಕಿಣ್ವ ಇಲ್ಲದ ಇಲಿಗಳ ಹೃದಯ ಸರಿಯಾಗಿ ಸಂಕುಚಿಸುವುದಿಲ್ಲ ಎಂದು 2002ರಲ್ಲಿ ತೋರಿಸಿತು. ಅಲ್ಲಿಯವರೆಗೆ ಇದು ಹೃದಯ ಮತ್ತು ಬಿ.ಪಿ.ಯ ವಿಷಯ ಮಾತ್ರ. ವೈರಸ್‌ನ ಮಾತೇ ಇರಲಿಲ್ಲ.

ಮರುವರ್ಷ ಸಾರ್ಸ್ ಬಂತು. ಜಗತ್ತಿನಲ್ಲಿ ಸುಮಾರು 8,000 ಮಂದಿಗೆ ತಗುಲಿ 774 ಮಂದಿಯನ್ನು ಬಲಿ ಪಡೆದ ಆ ಜ್ವರ ಟೊರಾಂಟೊ ನಗರವನ್ನೂ ಬಿಡಲಿಲ್ಲ. ಕೆನಡಾದಲ್ಲಿ 44 ಮಂದಿ ತೀರಿಕೊಂಡರು. ಆ ವರ್ಷದ ಕೊನೆಗೆ ಅಮೆರಿಕದ ವಿಜ್ಞಾನಿಗಳು ಒಂದು ವಿಚಿತ್ರ ಸಂಗತಿಯನ್ನು ಹೊರಗಿಟ್ಟರು: ಸಾರ್ಸ್ ವೈರಸ್ ನಮ್ಮ ಜೀವಕೋಶದೊಳಗೆ ಹೋಗಲು ಹಿಡಿದುಕೊಳ್ಳುವ ಹಿಡಿಕೆ ಇದೇ ಎಸಿಇ-2. ಬಿ.ಪಿ.ಯ ಬ್ರೇಕೇ ವೈರಸ್‌ಗೆ ಬಾಗಿಲು!

ಅಷ್ಟರಲ್ಲಿ ಪೆನಿಂಗರ್ ವಿಯೆನ್ನಾಕ್ಕೆ ಹೋಗಿ ಹೊಸ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟುತ್ತಿದ್ದರು. 2005ರಲ್ಲಿ ಅವರ ತಂಡ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಕೊಂಡದ್ದು ಇದು. ವೈರಸ್ ಬಾಗಿಲಿನಿಂದ ಒಳಗೆ ನುಗ್ಗುವುದಷ್ಟೇ ಅಲ್ಲ, ನುಗ್ಗುವಾಗ ಬಾಗಿಲನ್ನೂ ಕಿತ್ತುಕೊಂಡು ಹೋಗುತ್ತದೆ. ಎಸಿಇ-2 ಕಡಿಮೆಯಾಗುತ್ತದೆ, ಬ್ರೇಕ್ ಹೋಗುತ್ತದೆ, ಆಂಜಿಯೋಟೆನ್ಸಿನ್-2 ಅಂಕೆಯಿಲ್ಲದೆ ಏರುತ್ತದೆ. ಶ್ವಾಸಕೋಶದ ಸಣ್ಣ ರಕ್ತನಾಳಗಳು ಸೋರತೊಡಗಿ ಉಸಿರಿನ ಗೂಡುಗಳಲ್ಲಿ ನೀರು ತುಂಬುತ್ತದೆ. ಇನ್ನೊಂದು ಮಾತನ್ನೂ ಗಮನಿಸಿ. ಆಂಜಿಯೋಟೆನ್ಸಿನ್‌ಗೆ ತಡೆಯೊಡ್ಡುವ ಔಷಧ ಕೊಟ್ಟಾಗ ಆ ಇಲಿಗಳ ಶ್ವಾಸಕೋಶದ ಹಾನಿ ಕಡಿಮೆಯಾಯಿತು. ಅಂದರೆ 2020ರಲ್ಲಿ ಜನರು ಹೆದರಿ ಬಿಸಾಡಿದ ಮಾತ್ರೆಗಳ ಜಾತಿಯೇ ಹದಿನೈದು ವರ್ಷ ಮೊದಲು ಇಲಿಗಳನ್ನು ಕಾಪಾಡಿತ್ತು.

ಹಾಗಾದರೆ ಈ ಮಾತ್ರೆ ಕೊರೋನಾಕ್ಕೆ ಮದ್ದೇ? ಇಲ್ಲಿಯೇ ನಾವು ತಾಳ್ಮೆ ಕಲಿಯಬೇಕು. ಒಬ್ಬರು ಇಲಿಯ ಪ್ರಯೋಗ ತೋರಿಸಿ 'ಒಳ್ಳೆಯದು' ಎಂದರು, ಇನ್ನೊಬ್ಬರು ಬೇರೆ ಇಲಿಯ ಪ್ರಯೋಗ ತೋರಿಸಿ 'ಕೆಟ್ಟದ್ದು' ಎಂದರು. ತೀರ್ಮಾನಿಸಬೇಕಾದದ್ದು ಮನುಷ್ಯರಲ್ಲಿ. ಬ್ರೆಜಿಲ್‌ನ ವೈದ್ಯರು ಆ ಕೆಲಸ ಮಾಡಿದರು. ಮೊದಲಿನಿಂದಲೂ ಈ ಮಾತ್ರೆ ಸೇವಿಸುತ್ತಾ ಬಂದು, ಕೊರೋನಾ ತಗುಲಿ ಆಸ್ಪತ್ರೆ ಸೇರಿದ 659 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 30 ದಿನ ಮಾತ್ರೆ ನಿಲ್ಲಿಸಿದರು, ಇನ್ನೊಂದು ಗುಂಪಿಗೆ ಮುಂದುವರಿಸಿದರು. ಫಲಿತಾಂಶ 2021ರ ಜನವರಿಯಲ್ಲಿ ಪ್ರಕಟವಾಯಿತು. ಜೀವಂತವಾಗಿ, ಆಸ್ಪತ್ರೆಯ ಹೊರಗೆ ಕಳೆದ ದಿನಗಳ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ನಿಲ್ಲಿಸಿದ್ದರಿಂದ ಯಾವ ಲಾಭವೂ ಆಗಲಿಲ್ಲ. ಇನ್ನೊಂದು ಕಡೆ, ಮೊದಲು ಈ ಮಾತ್ರೆ ತಿನ್ನದ, ಐಸಿಯುನಲ್ಲಿ ಗಂಭೀರ ಸ್ಥಿತಿಯಲ್ಲಿದ್ದ ಕೊರೋನಾ ರೋಗಿಗಳಿಗೆ ಇದನ್ನು ಹೊಸದಾಗಿ ಶುರುಮಾಡಿ ನೋಡಿದ ದೊಡ್ಡ ಅಧ್ಯಯನ 2023ರಲ್ಲಿ ಬಂತು. ಅಲ್ಲಿ ಸುಧಾರಣೆಯಾಗಲಿಲ್ಲ, ಸ್ಥಿತಿ ಇನ್ನೂ ಕೆಟ್ಟಿತೆಂಬ ಸೂಚನೆಯೇ ಸಿಕ್ಕಿತು. ಬಿ.ಪಿ.ಗಾಗಿ ತಿನ್ನುತ್ತಿರುವವನಿಗೆ ಅದು ಬಿ.ಪಿ.ಯ ಮಾತ್ರೆ. ಅಷ್ಟೇ.

ಪೆನಿಂಗರ್ ಸ್ವತಃ ಬೇರೊಂದು ಉಪಾಯ ಹೂಡಿದ್ದರು. ಎಸಿಇ-2ನ್ನೇ ಔಷಧವಾಗಿ ತಯಾರಿಸಿ ರಕ್ತಕ್ಕೆ ಬಿಟ್ಟರೆ, ವೈರಸ್ ನಿಜವಾದ ಬಾಗಿಲು ಬಿಟ್ಟು ಈ ಹುಸಿ ಬಾಗಿಲಿಗೆ ಅಂಟಿಕೊಳ್ಳುತ್ತದಲ್ಲವೇ? 2020ರ ವಸಂತದಲ್ಲಿ ಅವರೂ ಸ್ವೀಡನ್ ಮತ್ತು ಸ್ಪೇನ್‌ನ ಸಂಶೋಧಕರೂ ಸೇರಿ ಪ್ರಯೋಗಾಲಯದ ಜೀವಕೋಶಗಳಲ್ಲಿ ವೈರಸ್‌ನ ಬೆಳವಣಿಗೆಯನ್ನು ಸಾವಿರ ಪಟ್ಟಿಗೂ ಹೆಚ್ಚು ಕುಗ್ಗಿಸಿ ತೋರಿಸಿದರು. ಜಗತ್ತಿನ ಪತ್ರಿಕೆಗಳು ಕುಣಿದಾಡಿದವು. ಆದರೆ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಸಾವು ಅಥವಾ ವೆಂಟಿಲೇಟರ್ ತಪ್ಪಿಸುವ ಮುಖ್ಯ ಗುರಿಯನ್ನು ಅದು ಮುಟ್ಟಲಿಲ್ಲ. ಇಪ್ಪತ್ತು ವರ್ಷ ಒಂದೇ ಕಿಣ್ವದ ಹಿಂದೆ ಬಿದ್ದವರ ಔಷಧಕ್ಕೂ ಪರೀಕ್ಷೆಯಲ್ಲಿ ವಿನಾಯಿತಿ ಸಿಗಲಿಲ್ಲ. ನಾವೋ, ಹೆಸರಿಲ್ಲದ ಧ್ವನಿಸಂದೇಶಕ್ಕೆ ಯಾವ ಪರೀಕ್ಷೆಯೂ ಇಲ್ಲದೆ ಪಾಸ್ ಮಾರ್ಕು ಕೊಡುತ್ತೇವೆ. ಇಬ್ನು ಸೀನಾ, ಇಬ್ನುನ್ನಫೀಸ್ ನಮ್ಮವರೆಂದು ಎದೆ ತಟ್ಟಿಕೊಳ್ಳುವಾಗ ಇದೂ ನೆನಪಿರಲಿ: ಹೃದಯದ ನಡುಗೋಡೆಯಲ್ಲಿ ರಂಧ್ರಗಳಿವೆ ಎಂದು ಗ್ಯಾಲನ್‌ನಂತಹ ದೊಡ್ಡ ವೈದ್ಯ ಹೇಳಿದ್ದರೂ, 13ನೇ ಶತಮಾನದಲ್ಲಿ ಇಬ್ನುನ್ನಫೀಸ್ ಅದನ್ನು ಒಪ್ಪದೆ, ರಕ್ತ ಶ್ವಾಸಕೋಶದ ಮೂಲಕವೇ ಹೋಗುತ್ತದೆ ಎಂದು ಬರೆದರು.

ಈಗ ಎರಡನೆಯ ತಪ್ಪಿಗೆ ಬರೋಣ. ನನ್ನ ಪ್ರಕಾರ ಇದೇ ಹೆಚ್ಚು ನಷ್ಟ ಉಂಟುಮಾಡುತ್ತಿರುವುದು.

1954ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೆರೋಮ್ ಕಾನ್ ಎಂಬ ವೈದ್ಯರ ಬಳಿಗೆ 34 ವರ್ಷದ ಮಹಿಳೆಯೊಬ್ಬರು ಬಂದರು. ಏಳು ವರ್ಷಗಳಿಂದ ಆಕೆಗೆ ಸ್ನಾಯುಗಳ ಸೆಳೆತ, ನಿತ್ರಾಣ, ಆಗಾಗ ಕಾಲು ಎತ್ತಲಾಗದಷ್ಟು ಬಲಹೀನತೆ. ಬಿ.ಪಿ. ಹೆಚ್ಚು, ರಕ್ತದಲ್ಲಿ ಪೊಟ್ಯಾಶಿಯಂ ತೀರಾ ಕಡಿಮೆ. ಕಾನ್ ಎರಡನೇ ಮಹಾಯುದ್ಧದ ಕಾಲದಲ್ಲಿ, ಬಿಸಿಲ ನಾಡಿಗೆ ಹೋದ ಸೈನಿಕರ ದೇಹ ಸೆಕೆಗೆ ಹೇಗೆ ಒಗ್ಗಿಕೊಳ್ಳುತ್ತದೆಂದು ಅಧ್ಯಯನ ಮಾಡಿದವರು. ಕೆಲವು ದಿನಗಳಲ್ಲಿ ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಉಪ್ಪನ್ನು ಹಿಡಿದಿಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. (ಗಲ್ಫಿನ ಬಿಸಿಲಲ್ಲಿ ದುಡಿಯುವ ನಮ್ಮ ಹುಡುಗರ ದೇಹವೂ ಮೊದಲ ಒಂದೆರಡು ವಾರ ಇದೇ ಪಾಠ ಕಲಿಯುತ್ತದೆ.) ಈ ಮಹಿಳೆಯ ಬೆವರಿನಲ್ಲೂ ಉಪ್ಪು ಅತ್ಯಲ್ಪ! ಆದರೆ ಆಕೆ ಯಾವ ಮರುಭೂಮಿಗೂ ಹೋಗಿರಲಿಲ್ಲ. ಹಾಗಾದರೆ ಕರೆಯಿಲ್ಲದೆಯೇ ಹಾರ್ಮೋನ್ ಸುರಿಯುತ್ತಿದೆ ಎಂದು ಕಾನ್ ಊಹಿಸಿದರು. ಆಲ್ಡೊಸ್ಟೆರಾನ್ ಬೇರ್ಪಡಿಸಲ್ಪಟ್ಟು ಆಗ ಒಂದು ವರ್ಷವಷ್ಟೇ ಆಗಿತ್ತು. ಡಿಸೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿದಾಗ ಬಲ ಅಡ್ರಿನಲ್‌ನಲ್ಲಿ 4 ಸೆಂಟಿಮೀಟರಿನ ಗಡ್ಡೆ ಸಿಕ್ಕಿತು. ಅದನ್ನು ತೆಗೆದ ಮೇಲೆ ಆಕೆಯ ಒತ್ತಡವೂ ಪೊಟ್ಯಾಶಿಯಮ್ಮೂ ಸರಿಹೋದವು.

ಇದನ್ನು ಇಂದು ಕಾನ್ ಸಿಂಡ್ರೋಮ್ ಎನ್ನುತ್ತಾರೆ. ಬಿ.ಪಿ. ಇರುವವರಲ್ಲಿ ಐವರಲ್ಲೊಬ್ಬರಿಗೆ ಇದು ಇರಬಹುದೆಂದು ಕಾನ್ ಹೇಳಿದಾಗ ಬಹಳ ಮಂದಿ ನಂಬಲಿಲ್ಲ. ನೂರಕ್ಕೆ ಒಬ್ಬರಿಗೂ ಇಲ್ಲ ಎಂದು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಬರೆದರು. ಕಾರಣ ಸರಳ. ಪೊಟ್ಯಾಶಿಯಂ ಕಡಿಮೆ ಇದ್ದವರನ್ನು ಮಾತ್ರ ಹುಡುಕುತ್ತಿದ್ದರು. ಆದರೆ ಈ ಕಾಯಿಲೆಯ ಹೆಚ್ಚಿನವರಲ್ಲಿ ಪೊಟ್ಯಾಶಿಯಂ ಸರಿಯಾಗಿಯೇ ಇರುತ್ತದೆ. ಹುಡುಕದಿದ್ದರೆ ಸಿಗುವುದು ಹೇಗೆ? ಇಂದಿನ ಲೆಕ್ಕದಲ್ಲಿ ಸಾಮಾನ್ಯ ಬಿ.ಪಿ. ರೋಗಿಗಳಲ್ಲಿ ಸುಮಾರು ನೂರಕ್ಕೆ 5ರಿಂದ 10, ಮೂರು ಮಾತ್ರೆಗೂ ಬಗ್ಗದ ಬಿ.ಪಿ.ಯವರಲ್ಲಿ ನೂರಕ್ಕೆ 20ರ ಹತ್ತಿರ ಇಂತಹವರಿದ್ದಾರೆ. 2025ರಲ್ಲಿ ಅಂತಾರಾಷ್ಟ್ರೀಯ ಹಾರ್ಮೋನ್ ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿ, ಬಿ.ಪಿ. ಇರುವ ಎಲ್ಲರಿಗೂ ಈ ಪರೀಕ್ಷೆ ಮಾಡುವುದು ಒಳ್ಳೆಯದೆಂದು ಸಲಹೆ ಕೊಟ್ಟಿದೆ.

ನಮ್ಮ ಊರಿನ ಪರಿಸ್ಥಿತಿಯಲ್ಲಿ ಎಲ್ಲರಿಗೂ ಎಂಬುದು ಸದ್ಯಕ್ಕೆ ಆಗದ ಮಾತು, ಖರ್ಚೂ ಇದೆ. ಆದರೆ ಕೆಲವರಾದರೂ ಕೇಳಲೇಬೇಕು. ನಲವತ್ತು ದಾಟುವ ಮೊದಲೇ ಬಿ.ಪಿ. ಬಂದವರು. ಮೂರು ಮಾತ್ರೆ ತಪ್ಪದೆ ತಿಂದರೂ ಒತ್ತಡ ಇಳಿಯದವರು. ರಕ್ತದಲ್ಲಿ ಪೊಟ್ಯಾಶಿಯಂ ಕಡಿಮೆ ಎಂದು ವರದಿ ಬಂದವರು. ಅಬ್ಬನಿಗೋ ಅಣ್ಣನಿಗೋ ಸಣ್ಣ ಪ್ರಾಯದಲ್ಲಿ ಪಾರ್ಶ್ವವಾಯು ಬಡಿದ ಮನೆಯವರು. ಬೇರೆ ಯಾವುದಕ್ಕೋ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ 'ಅಡ್ರಿನಲ್‌ನಲ್ಲಿ ಸಣ್ಣ ಗಂಟು' ಎಂದು ಬರೆದಿದ್ದರೆ, ಆ ವರದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮರೆಯಬೇಡಿ. ಒಂದೇ ಅಂಕಿಯ ಬಿ.ಪಿ. ಇರುವ ಇಬ್ಬರಲ್ಲಿ, ಆಲ್ಡೊಸ್ಟೆರಾನ್ ಹೆಚ್ಚಿರುವವನಿಗೆ ಹೃದಯ ಮತ್ತು ಮೆದುಳಿನ ಆಘಾತದ ಸಾಧ್ಯತೆ ಇನ್ನೊಬ್ಬನಿಗಿಂತ ಹೆಚ್ಚು. ಒಂದೇ ಬದಿಯ ಗ್ರಂಥಿಯ ದೋಷವಾದರೆ ಸಣ್ಣ ತೂತಿನ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಎರಡೂ ಬದಿಯದ್ದಾದರೆ ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ, ಅಗ್ಗದ ಮಾತ್ರೆ ಇದೆ. ಯಾವುದಕ್ಕೂ ಬಗ್ಗದ ಬಿ.ಪಿ.ಗೆ ನಾಲ್ಕನೆಯ ಮಾತ್ರೆಯಾಗಿ ಇದೇ ಹೆಚ್ಚು ಪರಿಣಾಮಕಾರಿ ಎಂದು 2015ರಲ್ಲಿ ಬ್ರಿಟನ್‌ನಲ್ಲಿ ನಡೆದ ಅಧ್ಯಯನವೂ ತೋರಿಸಿತು. ಗಂಡಸರಲ್ಲಿ ಎದೆ ಊದಿಕೊಳ್ಳುವುದು, ಪೊಟ್ಯಾಶಿಯಂ ಏರುವುದು ಅದರ ಅಡ್ಡಪರಿಣಾಮಗಳು. ವೈದ್ಯರ ಕಣ್ಣಿನಡಿಯಲ್ಲೇ ತಿನ್ನಬೇಕು.

ಜ್ವರ, ಶೀತದ ದಿನಗಳಿಗೆ ಮರಳೋಣ. ಈ ದಿನಗಳಲ್ಲಿ ಬಿ.ಪಿ. ಇರುವವರು ನಿಜವಾಗಿ ಹೆದರಬೇಕಾದದ್ದು ತಮ್ಮ ದಿನನಿತ್ಯದ ಮಾತ್ರೆಗಲ್ಲ, ಮನೆಯ ಡಬ್ಬಿಯಲ್ಲಿರುವ ಇತರ ವಸ್ತುಗಳಿಗೆ. ಕೆಮ್ಮಿಗೆ ಕುದಿಸುವ ಕಷಾಯದಲ್ಲಿ ಜ್ಯೇಷ್ಠಮಧು ಹಾಕುತ್ತೀರಲ್ಲ, ಉರ್ದು ಮಾತಾಡುವ ಮನೆಗಳಲ್ಲಿ ಮುಲೇಠಿ ಎನ್ನುತ್ತಾರೆ. ಅದರಲ್ಲಿರುವ ಒಂದು ಅಂಶ ದೇಹದಲ್ಲಿ ಆಲ್ಡೊಸ್ಟೆರಾನ್ ಹೆಚ್ಚಾದಾಗ ಆಗುವುದನ್ನೇ ಮಾಡಿಸುತ್ತದೆ: ಉಪ್ಪು ನಿಲ್ಲುತ್ತದೆ, ಪೊಟ್ಯಾಶಿಯಂ ಹೋಗುತ್ತದೆ, ಬಿ.ಪಿ. ಏರುತ್ತದೆ. ಒಂದೆರಡು ದಿನದ ಚಿಟಿಕೆಯ ಮಾತಲ್ಲ. ಕೊರೋನಾ ಕಾಲದಲ್ಲಿ ಶುರುಮಾಡಿದ ಕಷಾಯವನ್ನು 'ಒಳ್ಳೆಯದಲ್ಲವೇ' ಎಂದು ದಿನಕ್ಕೆ ಎರಡು ಹೊತ್ತು ತಿಂಗಳುಗಟ್ಟಲೆ ಕುಡಿಯುವವರ ಮಾತು. ಬಿ.ಪಿ. ಇದ್ದರೆ ಜ್ಯೇಷ್ಠಮಧು ಬಿಟ್ಟು ಶುಂಠಿ, ತುಳಸಿಯಲ್ಲಿ ನಿಲ್ಲಿಸಿ. ಮೂಗು ಕಟ್ಟಿದ್ದಕ್ಕೆ ತಿನ್ನುವ ಶೀತದ ಮಾತ್ರೆಗಳಲ್ಲಿ ರಕ್ತನಾಳ ಬಿಗಿಗೊಳಿಸುವ ಔಷಧ ಇರುತ್ತದೆ. ಗಲ್ಫಿನಿಂದ ಬಂದವರು ಹಂಚುವ ಪಟ್ಟಿಗಳಲ್ಲೂ ಅದೇ ಇರಬಹುದು. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಿಂದರೆ ಬಿ.ಪಿ. ಏರುತ್ತದೆ, ಕಿಡ್ನಿಗೂ ಹೊರೆ. ಮಳೆಗಾಲದ ಜ್ವರ ಡೆಂಗಿಯಾಗಿದ್ದರೆ ಇವು ರಕ್ತಸ್ರಾವಕ್ಕೂ ದಾರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ಅಳತೆಯಲ್ಲಿ.

ಮಾತ್ರೆ ನಿಲ್ಲಿಸಬೇಡಿ ಎಂದ ಮಾತಿಗೆ ಒಂದು ವಿನಾಯಿತಿ ಇದೆ. ವಾಂತಿ, ಭೇದಿ ಆಗುತ್ತಿದ್ದು ನೀರೂ ಒಳಗೆ ನಿಲ್ಲದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಮೂತ್ರ ಕಡಿಮೆಯಾದರೆ, ಅಂದೇ ವೈದ್ಯರಿಗೆ ಫೋನ್ ಮಾಡಿ. ಅಂತಹ ಹೊತ್ತಿನಲ್ಲಿ ಕೆಲವು ಬಿ.ಪಿ. ಮಾತ್ರೆಗಳನ್ನು ಎರಡು ಮೂರು ದಿನ ತಡೆಹಿಡಿಯಲು ಅವರೇ ಹೇಳಬಹುದು. ಮತ್ತೆ ಯಾವಾಗ ಶುರುಮಾಡಬೇಕೆಂದೂ ಕೇಳಿಕೊಳ್ಳಿ. ನಿಲ್ಲಿಸಿದ್ದು ನೆನಪಿರುತ್ತದೆ, ಶುರುಮಾಡುವುದು ಮರೆತುಹೋಗುತ್ತದೆ.

ಜ್ವರವೇ ಬಾರದಂತೆ ನೋಡಿಕೊಳ್ಳುವುದು ಇನ್ನೂ ಮೇಲು. ಕೆನಡಾದ ಒಂಟಾರಿಯೊದಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು: ಇನ್‌ಫ್ಲುಯೆಂಜಾ ಖಚಿತವಾದ ನಂತರದ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಹೆಚ್ಚು. ಅರುವತ್ತು ದಾಟಿದ, ಬಿ.ಪಿ., ಸಕ್ಕರೆ ಇರುವ ಹಿರಿಯರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ವೈದ್ಯರಲ್ಲಿ ಕೇಳಿ. ಉಮ್ರಾಕ್ಕೆ, ಹಜ್ಜಿಗೆ ಹೋಗುವವರು ಅಲ್ಲಿನ ಜನಸಂದಣಿಯನ್ನು ನೆನೆದು ಕೇಳಲೇಬೇಕು. ಇನ್ನು ಕೈತೊಳೆಯುವ ವಿಷಯ. ದಿನಕ್ಕೆ ಐದು ಹೊತ್ತು ವುಝೂ ಮಾಡುವ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಹೆಮ್ಮೆ ನಮಗಿದೆ. ಆದರೆ ವುಝೂ ಮಾಡಿ ಬಂದವರೆಲ್ಲ ಮುಖ ಒರೆಸುವ ಆ ಒಂದೇ ಟವೆಲನ್ನು ಎಂದಾದರೂ ನೋಡಿದ್ದೀರಾ? ಶೀತ ಜ್ವರದ ಕಾಲದಲ್ಲಿ ವುಝೂವಿನ ಜೊತೆ ಸಾಬೂನೂ ಬೇಕು, ಟವೆಲ್ ಅವರವರದ್ದೇ ಇರಬೇಕು. ಜಮಾಅತಿನವರು ಆ ಸಾರ್ವಜನಿಕ ಟವೆಲನ್ನು ತೆಗೆದುಹಾಕಿದರೆ ಅದೊಂದು ಸತ್ಕರ್ಮ. ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದು ಬಂದು ಪಕ್ಕದವನಿಗೆ ತೊಂದರೆ ಕೊಡಬಾರದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಜ್ವರದಲ್ಲಿ ಕೆಮ್ಮುತ್ತಾ ಮೊದಲ ಸಫ್‌ನಲ್ಲಿ ನಿಂತು, ಸಲಾಮಿನ ಬಳಿಕ ಎಲ್ಲರಿಗೂ ಕೈಕೊಡುವವರು ಅದರ ಬಗ್ಗೆ ಯೋಚಿಸಲಿ.

ರಮಝಾನಿನ ಬಗ್ಗೆ ಎರಡು ಮಾತು. ದಿನಕ್ಕೊಂದು ಹೊತ್ತಿನ ಬಿ.ಪಿ. ಮಾತ್ರೆಯನ್ನು ಸಹರಿಗೋ ಇಫ್ತಾರಿಗೋ ಹೊಂದಿಸಿಕೊಳ್ಳುವುದು ಸಾಮಾನ್ಯವಾಗಿ ಕಷ್ಟವಲ್ಲ. ಆದರೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಶಅಬಾನಿನಲ್ಲೇ ವೈದ್ಯರನ್ನು ಕಂಡು ಬನ್ನಿ. ಇಫ್ತಾರಿನ ಸಮೋಸ, ಉಪ್ಪಿನಕಾಯಿ, ಸಹರಿಯ ಒಣಮೀನಿನ ಚಟ್ನಿ ಸೇರಿದರೆ, ದಿನಕ್ಕೆ 5 ಗ್ರಾಂ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಮಗ್ರಿಬ್‌ಗೂ ಇಶಾಕ್ಕೂ ನಡುವೆಯೇ ಮುಗಿದಿರುತ್ತದೆ. ಖರ್ಜೂರ, ಎಳನೀರು ಪೊಟ್ಯಾಶಿಯಂ ತುಂಬಿದ ಆಹಾರ, ಹೆಚ್ಚಿನವರಿಗೆ ಒಳ್ಳೆಯದು. ಕಿಡ್ನಿ ದುರ್ಬಲವಾಗಿರುವವರು, ಸ್ಪೈರೊನೊಲ್ಯಾಕ್ಟೋನ್ ತಿನ್ನುವವರು ಮಾತ್ರ ಎಷ್ಟೆಂದು ಕೇಳಿ ತಿಳಿದುಕೊಳ್ಳಬೇಕು. 'ಲೋ ಸೋಡಿಯಂ' ಎಂದು ಮಾರುವ ಉಪ್ಪಿನಲ್ಲೂ ಪೊಟ್ಯಾಶಿಯಂ ಇರುತ್ತದೆ. ಉಪವಾಸ ಆಗದು ಎಂದು ವೈದ್ಯರು ಹೇಳಿದರೆ, ರೋಗಿಗೆ ಅಲ್ಲಾಹನೇ ಕೊಟ್ಟ ರಿಯಾಯಿತಿ ಇದೆ. ಅದನ್ನು ಪಡೆಯಲು ನಾಚಿಕೆ ಬೇಡ.

ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ, ಒಂದು ವಾರ ಬೆಳಿಗ್ಗೆ ಸಂಜೆ ಅಳೆದ ಬಿ.ಪಿ.ಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಷಾಯ, ಲೇಹ್ಯ, ನೋವಿನ ಮಾತ್ರೆ ಸೇರಿದಂತೆ ನೀವು ತಿನ್ನುವ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. ಮೇಲೆ ಹೇಳಿದ ಲಕ್ಷಣಗಳಲ್ಲಿ ಒಂದಾದರೂ ನಿಮಗಿದ್ದರೆ, "ಆಲ್ಡೊಸ್ಟೆರಾನ್, ರೆನಿನ್ ಪರೀಕ್ಷೆ ನನಗೆ ಬೇಕಾಗಬಹುದೇ?" ಎಂದು ಕೇಳಿ. ಬೆಳಗ್ಗೆ ಎದ್ದು ಓಡಾಡಿದ ಬಳಿಕ ಕೊಡುವ ರಕ್ತದ ಪರೀಕ್ಷೆ ಅದು. ಕೆಲವು ಬಿ.ಪಿ. ಮಾತ್ರೆಗಳು ಅದರ ಫಲಿತಾಂಶವನ್ನು ಏರುಪೇರು ಮಾಡುತ್ತವೆ. ಯಾವುದನ್ನು ಬದಲಿಸಬೇಕು, ಎಷ್ಟು ವಾರ ಎಂಬುದನ್ನು ವೈದ್ಯರೇ ಹೇಳುತ್ತಾರೆ. ಅಲ್ಲಿಯವರೆಗೆ ಈಗಿನ ಮಾತ್ರೆ ಈಗಿನಂತೆಯೇ ನಡೆಯಲಿ.